ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ನಂತರದ ರಫ್ತು ವ್ಯವಸ್ಥೆ: ಕೊಡಗು ಜಿಲ್ಲೆಯ ಕಾಫಿ ಹಾಗೂ ಕಾಳುಮೆಣಸು ಬೆಳೆಗಾರರು ಮತ್ತು ರಫ್ತುದಾರರಿಗೆ ಮಾಹಿತಿ

1. ಪೀಠಿಕೆ

ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗು ಜಿಲ್ಲೆಯದಾಗಿದೆ. ಭಾರತದಲ್ಲಿ ಬೆಳೆಯುವ ಕಾಫಿಯ ಬಹುಪಾಲು ವಿದೇಶಗಳಿಗೆ ರಫ್ತಾಗುತ್ತಿದ್ದು, ಇಟಲಿ, ಜರ್ಮನಿ ಮತ್ತು ಬೆಲ್ಜಿಯಂ ದೇಶಗಳು ಪ್ರಮುಖ ಖರೀದಿದಾರರಾಗಿವೆ. ಬ್ರಿಟನ್ ಸಹ ಭಾರತದ ಕಾಫಿ ಮತ್ತು ಮಸಾಲೆ ಪದಾರ್ಥಗಳಿಗೆ ಬಹು ಹಿಂದಿನಿಂದ ಮಾರುಕಟ್ಟೆಯಾಗಿದೆ. ದಿನಾಂಕ 31-12-2020ರವರೆಗೆ ಈ ಎಲ್ಲಾ ದೇಶಗಳನ್ನು ರಫ್ತುದಾರರು ವ್ಯಾಪಾರದ ದೃಷ್ಟಿಯಿಂದ ಒಂದೇ ಮಾರುಕಟ್ಟೆಯೆಂದು ಪರಿಗಣಿಸಬಹುದಾಗಿತ್ತು. ದಿನಾಂಕ 01-01-2021ರಿಂದ ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟಗಳು ಎರಡು ಪ್ರತ್ಯೇಕ ಮಾರುಕಟ್ಟೆಗಳಾಗಿವೆ. ಸುಂಕ, ಆಹಾರ ಸುರಕ್ಷತೆ, ಲೇಬಲ್, ಸಾವಯವ ಪ್ರಮಾಣಪತ್ರ ಮತ್ತು ಭೌಗೋಳಿಕ ಗುರುತು ವಿಷಯಗಳಲ್ಲಿ ಎರಡೂ ಕಡೆ ಪ್ರತ್ಯೇಕ ನಿಯಮಗಳು ಅನ್ವಯಿಸುತ್ತವೆ.

ಈ ಬದಲಾವಣೆಯು ಹಡಗು ಕಂಪನಿ ಮತ್ತು ದೊಡ್ಡ ರಫ್ತುದಾರರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವುದು ಸರಿಯಲ್ಲ. ಸರಕು ಯಾವ ಮಾರುಕಟ್ಟೆಗೆ ಹೋಗಬಲ್ಲದು ಎಂಬುದು ತೋಟದ ಕಣದಲ್ಲಿ ಕಾಫಿಯನ್ನು ಒಣಗಿಸಿದ ರೀತಿ ಹಾಗೂ ಬೆಳೆಗಾರರ ಬಳಿ ಇರುವ ಜಮೀನಿನ ದಾಖಲೆಗಳಿಂದಲೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ದಾಖಲೆಯಿಲ್ಲದ ಕಾಫಿ ಉತ್ತಮ ಗುಣಮಟ್ಟದ್ದಾಗಿದ್ದರೂ ಒಂದು ಮಾರುಕಟ್ಟೆಯ ಖರೀದಿಯಿಂದ ಹೊರಗುಳಿಯುವ ಸಂಭವವಿದೆ. ಆದುದರಿಂದ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ ಮತ್ತು ಕುಶಾಲನಗರ ತಾಲ್ಲೂಕುಗಳ ಬೆಳೆಗಾರರು, ಕ್ಯೂರಿಂಗ್ ಘಟಕಗಳು, ಕಾಫಿಪುಡಿ ತಯಾರಕರು, ಬೆಳೆಗಾರರ ಸಂಘಗಳು ಹಾಗೂ ಹೊಸದಾಗಿ ರಫ್ತು ಕೈಗೊಳ್ಳಲು ಉದ್ದೇಶಿಸಿರುವವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಹಿನ್ನೆಲೆ

ಬ್ರಿಟನ್ ದಿನಾಂಕ 01-01-1973ರಂದು ಅಂದಿನ ಐರೋಪ್ಯ ಆರ್ಥಿಕ ಸಮುದಾಯವನ್ನು ಸೇರಿತು. ಅದಕ್ಕೆ ಮೊದಲು ಭಾರತದ ಸರಕುಗಳಿಗೆ ಬ್ರಿಟನ್‌ನಲ್ಲಿ ಕಾಮನ್‌ವೆಲ್ತ್ ಆದ್ಯತಾ ಸುಂಕದ ಸೌಲಭ್ಯವಿತ್ತು. ಸದಸ್ಯತ್ವದ ನಂತರ ಸಮುದಾಯದ ಸಾಮಾನ್ಯ ಸುಂಕಪಟ್ಟಿಯೇ ಬ್ರಿಟನ್‌ಗೂ ಅನ್ವಯವಾಯಿತು.

ದಿನಾಂಕ 23-06-2016ರಂದು ನಡೆದ ಜನಮತಗಣನೆಯಲ್ಲಿ ಒಕ್ಕೂಟವನ್ನು ತೊರೆಯುವ ಪಕ್ಷಕ್ಕೆ ಬಹುಮತ ದೊರೆಯಿತು. ದಿನಾಂಕ 29-03-2017ರಂದು ಬ್ರಿಟನ್ ಸರ್ಕಾರವು ವಿಧ್ಯುಕ್ತವಾಗಿ ಸೂಚನೆ ನೀಡಿತು. ನಿರ್ಗಮನಕ್ಕೆ ಮೊದಲು 29-03-2019 ನಿಗದಿಯಾಗಿತ್ತು. ಬಳಿಕ ಆ ದಿನಾಂಕವನ್ನು ಹಲವು ಬಾರಿ ಮುಂದೂಡಲಾಯಿತು. ಅಂತಿಮವಾಗಿ 31-01-2020ರಂದು ಬ್ರಿಟನ್ ಒಕ್ಕೂಟದಿಂದ ಹೊರಬಂದಿತು. ವ್ಯಾಪಾರಸ್ಥರು ಮತ್ತು ಗಡಿ ಅಧಿಕಾರಿಗಳು ಸಿದ್ಧತೆ ಮಾಡಿಕೊಳ್ಳಲು ಅನುವಾಗುವಂತೆ 31-12-2020ರವರೆಗೆ ಪರಿವರ್ತನಾ ಅವಧಿಯನ್ನು ಕಲ್ಪಿಸಲಾಗಿತ್ತು. ಅವಧಿ ಮುಗಿಯಲು ಒಂದು ವಾರವಿರುವಾಗ, 24-12-2020ರಂದು, ವ್ಯಾಪಾರ ಮತ್ತು ಸಹಕಾರ ಒಪ್ಪಂದಕ್ಕೆ ಉಭಯ ಪಕ್ಷಗಳು ಸಮ್ಮತಿಸಿದವು.

ಸದರಿ ಒಪ್ಪಂದದ ಸುಂಕ ವಿನಾಯಿತಿಯು ಬ್ರಿಟನ್ ಅಥವಾ ಐರೋಪ್ಯ ಒಕ್ಕೂಟದ ಮೂಲದ ಸರಕುಗಳಿಗೆ ಮಾತ್ರ ದೊರೆಯುತ್ತದೆ. ಭಾರತದಲ್ಲಿ ಬೆಳೆದ ಅಥವಾ ತಯಾರಿಸಿದ ಸರಕು ಐರೋಪ್ಯ ಬಂದರಿನ ಮೂಲಕ ಹಾದುಹೋದ ಮಾತ್ರಕ್ಕೆ ಐರೋಪ್ಯ ಸರಕಾಗುವುದಿಲ್ಲ.

ಉತ್ತರ ಐರ್ಲೆಂಡ್ ಬ್ರಿಟನ್‌ನ ಭಾಗವೇ ಆಗಿದ್ದರೂ ಅಲ್ಲಿನ ವ್ಯವಸ್ಥೆ ಭಿನ್ನವಾಗಿದೆ. ಐರ್ಲೆಂಡ್ ಗಣರಾಜ್ಯದೊಂದಿಗಿನ ಗಡಿಯಲ್ಲಿ ತಪಾಸಣೆ ಏರ್ಪಡದಂತೆ ನೋಡಿಕೊಳ್ಳುವ ಸಲುವಾಗಿ, ಸರಕುಗಳ ಮಟ್ಟಿಗೆ ಐರೋಪ್ಯ ಒಕ್ಕೂಟದ ಹಲವು ನಿಯಮಗಳು ಅಲ್ಲಿ ಮುಂದುವರಿದಿವೆ. ಈ ವ್ಯವಸ್ಥೆಯನ್ನು 2023ರ ವಿಂಡ್ಸರ್ ಚೌಕಟ್ಟಿನ ಮೂಲಕ ಪರಿಷ್ಕರಿಸಲಾಗಿದೆ. ಈ ಪುಟದ ಮುಂದಿನ ಭಾಗದಲ್ಲಿ ‘ಬ್ರಿಟನ್’ ಎಂದರೆ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್ ಎಂದು ತಿಳಿಯತಕ್ಕದ್ದು. ಬೆಲ್‌ಫಾಸ್ಟ್ ಮುಂತಾದ ಉತ್ತರ ಐರ್ಲೆಂಡಿನ ಸ್ಥಳಗಳಿಗೆ ಸರಕು ಕಳುಹಿಸುವವರು ಖರೀದಿದಾರರಿಂದ ಪ್ರತ್ಯೇಕ ಸೂಚನೆ ಪಡೆಯತಕ್ಕದ್ದು.

3. ರಫ್ತು ಮಾಡಲು ಭಾರತದಲ್ಲಿ ಪಡೆಯಬೇಕಾದ ನೋಂದಣಿಗಳು

ಬ್ರಿಟನ್‌ನ ನಿರ್ಗಮನದಿಂದ ಭಾರತದಲ್ಲಿನ ನೋಂದಣಿಗಳಲ್ಲಿ ಬದಲಾವಣೆಯಾಗಿಲ್ಲ. ಎರಡೂ ಮಾರುಕಟ್ಟೆಗಳಿಗೆ ಈ ಕೆಳಕಂಡ ನೋಂದಣಿಗಳು ಸಮಾನವಾಗಿ ಅಗತ್ಯವಾಗಿವೆ.

(ಅ) ಆಮದು-ರಫ್ತು ಸಂಕೇತ ಸಂಖ್ಯೆ (ಐ.ಇ.ಸಿ.): ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿ ಶುಲ್ಕ ರೂ. 500/-. ಪ್ಯಾನ್ ಸಂಖ್ಯೆ, ವಿಳಾಸದ ದಾಖಲೆ ಮತ್ತು ಬ್ಯಾಂಕ್ ಖಾತೆಯ ವಿವರ ಅಗತ್ಯ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ವಿವರಗಳನ್ನು ಆನ್‌ಲೈನ್‌ನಲ್ಲಿ ದೃಢೀಕರಿಸತಕ್ಕದ್ದು. ಬದಲಾವಣೆಯೇನೂ ಇಲ್ಲದಿದ್ದರೂ ಇದು ಕಡ್ಡಾಯವಾಗಿದ್ದು, ತಪ್ಪಿದಲ್ಲಿ ಸಂಖ್ಯೆಯು ನಿಷ್ಕ್ರಿಯಗೊಳ್ಳುತ್ತದೆ.

(ಆ) ಕಾಫಿ ರಫ್ತುದಾರರ ನೋಂದಣಿ: 1942ರ ಕಾಫಿ ಅಧಿನಿಯಮದಡಿ ಸ್ಥಾಪಿತವಾದ ಕಾಫಿ ಮಂಡಳಿಯಿಂದ ಪಡೆಯತಕ್ಕದ್ದು. ಒಟ್ಟುಗೂಡಿಸುವ ಪದ್ಧತಿ ಜಾರಿಯಲ್ಲಿದ್ದಾಗ ಬೆಳೆಗಾರರು ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಾಗಿತ್ತು. 1996ರಿಂದ ಎಲ್ಲಾ ಬೆಳೆಗಾರರಿಗೂ ಮುಕ್ತ ಮಾರಾಟದ ಹಕ್ಕು ದೊರೆತಿದ್ದು, ಅಗತ್ಯ ನೋಂದಣಿ ಪಡೆದ ಬೆಳೆಗಾರರು ತಾವೇ ರಫ್ತು ಮಾಡಬಹುದಾಗಿದೆ.

(ಇ) ಮಸಾಲೆ ಪದಾರ್ಥಗಳ ರಫ್ತುದಾರರ ನೋಂದಣಿ: ಕಾಳುಮೆಣಸು ಮತ್ತು ಏಲಕ್ಕಿ ರಫ್ತು ಮಾಡುವವರು ಸಾಂಬಾರ ಮಂಡಳಿಯಿಂದ ಪಡೆಯತಕ್ಕದ್ದು. ಕಾಫಿ ಮಂಡಳಿಯ ನೋಂದಣಿಯು ಮಸಾಲೆ ಪದಾರ್ಥಗಳಿಗೆ ಅನ್ವಯಿಸುವುದಿಲ್ಲ.

(ಈ) ಸರಕು ಮತ್ತು ಸೇವಾ ತೆರಿಗೆ: ತೆರಿಗೆಗೆ ಒಳಪಡುವ ಸರಕನ್ನು ತೆರಿಗೆ ಪಾವತಿಸದೆ ರಫ್ತು ಮಾಡಲು ಪ್ರತಿ ಆರ್ಥಿಕ ವರ್ಷಕ್ಕೂ ಮುಚ್ಚಳಿಕೆ ಪತ್ರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸತಕ್ಕದ್ದು.

(ಉ) ಬ್ಯಾಂಕಿನ ಅಧಿಕೃತ ಡೀಲರ್ ಸಂಕೇತ: ರಫ್ತಿನ ಹಣ ಜಮೆಯಾಗುವ ಬ್ಯಾಂಕ್ ಶಾಖೆಯ ಸಂಕೇತವನ್ನು, ಸರಕು ಹೊರಡುವ ಬಂದರಿನ ಸೀಮಾಸುಂಕ ವ್ಯವಸ್ಥೆಯಲ್ಲಿ ಮುಂಚಿತವಾಗಿ ನೋಂದಾಯಿಸತಕ್ಕದ್ದು. ನವಮಂಗಳೂರು ಬಂದರಿನಲ್ಲಿ ಮಾಡಿದ ನೋಂದಣಿಯ ಆಧಾರದ ಮೇಲೆ ಕೊಚ್ಚಿಯಿಂದ ಸರಕು ಕಳುಹಿಸಬಹುದೆಂದು ಭಾವಿಸದೆ, ಕಸ್ಟಮ್ಸ್ ಬ್ರೋಕರ್ ಮೂಲಕ ಖಚಿತಪಡಿಸಿಕೊಳ್ಳತಕ್ಕದ್ದು.

4. ವಿದೇಶದಲ್ಲಿ ಆಮದುದಾರರು ಯಾರು ಎಂಬುದರ ಖಚಿತತೆ

ಬ್ರಿಟನ್ ಹಾಗೂ ಐರೋಪ್ಯ ಒಕ್ಕೂಟ ಎರಡರಲ್ಲಿಯೂ ಆಮದುದಾರರು ಇ.ಓ.ಆರ್.ಐ. ಎಂಬ ಗುರುತು ಸಂಖ್ಯೆ ಹೊಂದಿರಬೇಕು. 2021ರಿಂದ ಬ್ರಿಟನ್ ಮತ್ತು ಒಕ್ಕೂಟದ ಸಂಖ್ಯೆಗಳು ಬೇರೆ ಬೇರೆಯಾಗಿವೆ. ಜರ್ಮನಿಯ ಖರೀದಿದಾರರು ತಮ್ಮ ಸಂಖ್ಯೆಯ ಮೇಲೆ ಬ್ರಿಟನ್‌ನಲ್ಲಿ ಸರಕು ಬಿಡಿಸಿಕೊಳ್ಳಲು ಸಾಧ್ಯವಿಲ್ಲ. ಅದೇ ರೀತಿ ಲಂಡನ್‌ನ ಖರೀದಿದಾರರು ತಮ್ಮ ಬ್ರಿಟಿಷ್ ಸಂಖ್ಯೆಯ ಮೇಲೆ ಆಂಟ್‌ವರ್ಪ್ ಬಂದರಿನಲ್ಲಿ ಸರಕು ಬಿಡಿಸಿಕೊಳ್ಳಲಾಗದು.

ಭಾರತದ ರಫ್ತುದಾರರು ‘ಎಫ್.ಓ.ಬಿ.’ ಅಥವಾ ‘ಸಿ.ಐ.ಎಫ್.’ ಷರತ್ತಿನ ಮೇಲೆ ಮಾರಾಟ ಮಾಡಿದಾಗ ಆಮದು ವಿಧಿಗಳ ಹೊಣೆ ಖರೀದಿದಾರರದ್ದಾಗಿರುತ್ತದೆ. ಸುಂಕವನ್ನೂ ಮಾರಾಟಗಾರರೇ ಪಾವತಿಸಿ ಖರೀದಿದಾರರ ಬಾಗಿಲಿಗೆ ತಲುಪಿಸುವ ‘ಡಿ.ಡಿ.ಪಿ.’ ಷರತ್ತನ್ನು ಒಪ್ಪಿದಲ್ಲಿ, ಆಮದುದಾರರ ಹೊಣೆ ಭಾರತದ ರಫ್ತುದಾರರ ಮೇಲೆಯೇ ಬೀಳುತ್ತದೆ. ಅವರು ಆ ದೇಶದಲ್ಲಿ ಸಂಖ್ಯೆ ಪಡೆದು ಪ್ರತಿನಿಧಿಯನ್ನು ನೇಮಿಸಬೇಕಾಗುತ್ತದೆ. ಈ ಸಿದ್ಧತೆಯಿಲ್ಲದೆ ಹೊರಟ ಕಂಟೇನರ್ ಬಂದರಿನಲ್ಲಿ ನಿಂತಲ್ಲಿ, ಅದರ ಬಾಡಿಗೆ ಮತ್ತು ದಂಡದ ಮೊತ್ತ ದಿನದಿಂದ ದಿನಕ್ಕೆ ಏರುತ್ತದೆ. ಮೊದಲ ಬಾರಿಗೆ ರಫ್ತು ಮಾಡುವ ಸಣ್ಣ ಬೆಳೆಗಾರರು ಮತ್ತು ಸಂಘಗಳು ‘ಡಿ.ಡಿ.ಪಿ.’ ಷರತ್ತನ್ನು ಒಪ್ಪದಿರುವುದು ಸೂಕ್ತ.

5. ಸರಕು ಸಾಗುವ ಮಾರ್ಗ

(ಅ) ಭಾರತದಿಂದ ಬ್ರಿಟನ್‌ನ ಬಂದರಿಗೆ ನೇರವಾಗಿ ರವಾನೆ: ಭಾರತವು ಎಂದಿಗೂ ಒಕ್ಕೂಟದ ಹೊರಗಿನ ದೇಶವಾಗಿರುವುದರಿಂದ ಈ ಮಾರ್ಗದಲ್ಲಿ ಸೀಮಾಸುಂಕ ಘೋಷಣೆಯು ಮೊದಲಿನಿಂದಲೂ ಇತ್ತು. ಕೊಲಂಬೊ ಮುಂತಾದ ಬಂದರಿನಲ್ಲಿ ಕಂಟೇನರ್ ಹಡಗು ಬದಲಿಸಿದರೂ ಅಂತಿಮ ಸ್ಥಳ ಬ್ರಿಟನ್ ಎಂದೇ ದಾಖಲೆಗಳಲ್ಲಿದ್ದಲ್ಲಿ ತೊಂದರೆಯಿಲ್ಲ.

(ಆ) ಐರೋಪ್ಯ ಬಂದರಿನ ಮೂಲಕ ಬ್ರಿಟನ್‌ಗೆ ರವಾನೆ: ಆಂಟ್‌ವರ್ಪ್, ಹ್ಯಾಂಬರ್ಗ್, ಟ್ರಿಯೆಸ್ಟ್ ಮುಂತಾದ ಬಂದರುಗಳ ಉಗ್ರಾಣಗಳಲ್ಲಿ ಕಾಫಿಯನ್ನು ದಾಸ್ತಾನು ಮಾಡಿ, ಬೇಡಿಕೆಗೆ ಅನುಗುಣವಾಗಿ ಹಂಚುವ ಪದ್ಧತಿ ವ್ಯಾಪಾರದಲ್ಲಿ ರೂಢಿಯಲ್ಲಿದೆ. 2020ರವರೆಗೆ ಹೀಗೆ ಒಮ್ಮೆ ಒಕ್ಕೂಟದೊಳಗೆ ಬಂದ ಸರಕು ಯಾವುದೇ ಹೊಸ ಘೋಷಣೆಯಿಲ್ಲದೆ ಲಾರಿಯಲ್ಲಿ ಬ್ರಿಟನ್‌ಗೆ ಹೋಗಬಹುದಾಗಿತ್ತು. ಈಗ ಒಕ್ಕೂಟದಿಂದ ರಫ್ತು ಘೋಷಣೆ ಹಾಗೂ ಬ್ರಿಟನ್‌ನಲ್ಲಿ ಆಮದು ಘೋಷಣೆ ಎರಡೂ ಅಗತ್ಯ. ಒಕ್ಕೂಟದ ಸುಂಕ ಪಾವತಿಸದೆ, ಮುದ್ರೆ ಒಡೆಯದೆ ಸಾಗಿಸಬೇಕಾದಲ್ಲಿ ‘ಸಾಗಣೆ ಪ್ರಕ್ರಿಯೆ’ಯ ದಾಖಲೆಯನ್ನು ಸಾಗಣೆದಾರರು ಸಿದ್ಧಪಡಿಸಬೇಕು. ಮರದ ಪ್ಯಾಲೆಟ್‌ಗಳನ್ನು ಬಳಸಿದಲ್ಲಿ ಅವು ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಮಾನದಂಡದಂತೆ ಉಷ್ಣ ಸಂಸ್ಕರಣೆಗೊಂಡು ಮುದ್ರೆ ಹೊಂದಿರಬೇಕು. 2021ರಿಂದ ಬ್ರಿಟನ್ ಮತ್ತು ಒಕ್ಕೂಟದ ನಡುವಿನ ಸಾಗಣೆಗೂ ಈ ಷರತ್ತು ಅನ್ವಯಿಸುತ್ತಿದೆ.

ಆದುದರಿಂದ ಒಪ್ಪಂದ ಪತ್ರದಲ್ಲಿ ಅಂತಿಮ ಸ್ಥಳವನ್ನು ‘ಯೂರೋಪ್’ ಎಂದು ಅಸ್ಪಷ್ಟವಾಗಿ ನಮೂದಿಸದೆ, ಸರಕನ್ನು ಬಳಸುವ ದೇಶ ಮತ್ತು ಬಂದರಿನ ಹೆಸರನ್ನು ಸ್ಪಷ್ಟವಾಗಿ ಬರೆಯತಕ್ಕದ್ದು.

6. ಸುಂಕ ಹಾಗೂ ಮೂಲ ಪ್ರಮಾಣಪತ್ರ

ಹುರಿಯದ, ಕೆಫೀನ್ ತೆಗೆಯದ ಹಸಿರು ಕಾಫಿ ಬೀಜಕ್ಕೆ ಐರೋಪ್ಯ ಒಕ್ಕೂಟದಲ್ಲಿಯೂ ಬ್ರಿಟನ್‌ನಲ್ಲಿಯೂ ಆಮದು ಸುಂಕವಿಲ್ಲ. ಹುರಿದ ಕಾಫಿಗೆ ಒಕ್ಕೂಟದ ಸಾಮಾನ್ಯ ಸುಂಕ ಶೇಕಡ 7.5, ಇನ್‌ಸ್ಟಂಟ್ ಕಾಫಿಗೆ ಶೇಕಡ 9. ಇಡಿ ಕಾಳುಮೆಣಸಿಗೆ ಒಕ್ಕೂಟದಲ್ಲಿ ಸುಂಕವಿಲ್ಲ, ಪುಡಿ ಮಾಡಿದ ಕಾಳುಮೆಣಸಿಗೆ ಶೇಕಡ 4ರಷ್ಟಿದೆ. ಬ್ರಿಟನ್ 01-01-2021ರಿಂದ ತನ್ನದೇ ಸುಂಕಪಟ್ಟಿಯನ್ನು ಅನುಸರಿಸುತ್ತಿರುವುದರಿಂದ, ಸಂಸ್ಕರಿಸಿದ ಉತ್ಪನ್ನಗಳ ದರವನ್ನು ಅಲ್ಲಿನ ಪಟ್ಟಿಯಲ್ಲಿಯೇ ನೋಡತಕ್ಕದ್ದು. ಉದಾಹರಣೆಗೆ, ಭಾರತದಲ್ಲಿ ತಯಾರಾದ ಇನ್‌ಸ್ಟಂಟ್ ಕಾಫಿಯು ರಾಟರ್‌ಡ್ಯಾಮ್‌ನಲ್ಲಿ ಸುಂಕ ಪಾವತಿಸಿ ಒಳಬಂದ ಬಳಿಕ ಬ್ರಿಟನ್‌ಗೆ ಹೋದಲ್ಲಿ, ಬ್ರಿಟನ್‌ನ ಸುಂಕ ನಿಯಮ ಅದಕ್ಕೆ ಮತ್ತೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಒಂದು ಕಡೆ ಪಾವತಿಸಿದ ಸುಂಕವು ಇನ್ನೊಂದು ಕಡೆ ಲೆಕ್ಕಕ್ಕೆ ಬರುವುದಿಲ್ಲ.

ಅಭಿವೃದ್ಧಿಶೀಲ ದೇಶಗಳಿಗೆ ಐರೋಪ್ಯ ಒಕ್ಕೂಟ ನೀಡುವ ಸುಂಕ ರಿಯಾಯಿತಿ ದೊರೆಯುವ ಸರಕುಗಳಿಗೆ ‘ರೆಕ್ಸ್’ ವ್ಯವಸ್ಥೆಯಲ್ಲಿ ನೋಂದಾಯಿತರಾದ ರಫ್ತುದಾರರು ಮೂಲದ ಹೇಳಿಕೆ ನೀಡುತ್ತಾರೆ. ಈ ನೋಂದಣಿಗೆ ಬ್ರಿಟನ್‌ನಲ್ಲಿ ಮಾನ್ಯತೆಯಿಲ್ಲ. ಬ್ರಿಟನ್ 2021ರಲ್ಲಿ ತನ್ನದೇ ಆದ್ಯತಾ ಯೋಜನೆಯನ್ನು ಆರಂಭಿಸಿ, 19-06-2023ರಿಂದ ಅದರ ಬದಲಿಗೆ ಅಭಿವೃದ್ಧಿಶೀಲ ದೇಶಗಳ ವ್ಯಾಪಾರ ಯೋಜನೆಯನ್ನು ಜಾರಿಗೊಳಿಸಿತು.

ದಿನಾಂಕ 24-07-2025ರಂದು ಭಾರತ ಮತ್ತು ಬ್ರಿಟನ್ ಸಮಗ್ರ ಆರ್ಥಿಕ ಮತ್ತು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿವೆ. ಕಾಫಿ, ಇನ್‌ಸ್ಟಂಟ್ ಕಾಫಿ ಹಾಗೂ ಮಸಾಲೆ ಪದಾರ್ಥಗಳಿಗೆ ಬ್ರಿಟನ್‌ನಲ್ಲಿ ಸುಂಕರಹಿತ ಪ್ರವೇಶ ಈ ಒಪ್ಪಂದದಲ್ಲಿ ಸೇರಿದೆ. ಒಕ್ಕೂಟದ ಇನ್‌ಸ್ಟಂಟ್ ಕಾಫಿ ತಯಾರಕರು 2021ರಿಂದಲೇ ಸುಂಕವಿಲ್ಲದೆ ಬ್ರಿಟನ್‌ಗೆ ಮಾರುತ್ತಿದ್ದುದರಿಂದ ಭಾರತದ ತಯಾರಕರಿಗೆ ಇದ್ದ ಅನನುಕೂಲವನ್ನು ಇದು ನಿವಾರಿಸುತ್ತದೆ. ಒಪ್ಪಂದದ ರಿಯಾಯಿತಿಯನ್ನು ಕೋರುವವರು, ಅದು ಜಾರಿಗೆ ಬರುವ ದಿನಾಂಕ ಮತ್ತು ಮೂಲದ ದೃಢೀಕರಣದ ವಿಧಾನವನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹಾಗೂ ಸೀಮಾಸುಂಕ ಇಲಾಖೆಯ ಅಧಿಸೂಚನೆಗಳಲ್ಲಿ ನೋಡಿದ ನಂತರವೇ ಖರೀದಿದಾರರಿಗೆ ಬೆಲೆ ತಿಳಿಸತಕ್ಕದ್ದು.

ವಿಶೇಷ ಸೂಚನೆ: ಕಾಫಿ ರಫ್ತಿನೊಂದಿಗೆ ನೀಡಲಾಗುವ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಮೂಲ ಪ್ರಮಾಣಪತ್ರವು ಅಂಕಿ-ಅಂಶಗಳ ಉದ್ದೇಶಕ್ಕಾಗಿ ಇರುತ್ತದೆ. ಅದರ ಆಧಾರದ ಮೇಲೆ ಸುಂಕ ರಿಯಾಯಿತಿ ದೊರೆಯುವುದಿಲ್ಲ.

7. ಆಹಾರ ಸುರಕ್ಷತಾ ಮಿತಿಗಳು

ಒಕ್ಕೂಟದಿಂದ ಹೊರಬಂದ ದಿನ ಎರಡೂ ಕಡೆಯ ಮಿತಿಗಳು ಬಹುತೇಕ ಒಂದೇ ಆಗಿದ್ದವು. ಅನಂತರ ಒಂದು ಕಡೆ ಆದ ಬದಲಾವಣೆ ಇನ್ನೊಂದು ಕಡೆಗೆ ತಾನಾಗಿ ಅನ್ವಯಿಸಿಲ್ಲ. ಕಾಫಿಗೆ ಸಂಬಂಧಿಸಿದಂತೆ ಮುಖ್ಯ ಉದಾಹರಣೆಯು ಓಕ್ರಾಟಾಕ್ಸಿನ್-ಎ ಎಂಬ, ಬೂಷ್ಟಿನಿಂದ ಉಂಟಾಗುವ ವಿಷವಸ್ತುವಿನದು. ಪ್ರತಿ ಕಿಲೋಗ್ರಾಂಗೆ ಇರಬಹುದಾದ ಗರಿಷ್ಠ ಪ್ರಮಾಣ ಈ ಕೆಳಕಂಡಂತಿದೆ.

ಹುರಿದ ಕಾಫಿ: ಬ್ರಿಟನ್‌ನಲ್ಲಿ 5 ಮೈಕ್ರೋಗ್ರಾಂ; ಐರೋಪ್ಯ ಒಕ್ಕೂಟದಲ್ಲಿ 01-01-2023ರಿಂದ 3 ಮೈಕ್ರೋಗ್ರಾಂ.
ಇನ್‌ಸ್ಟಂಟ್ ಕಾಫಿ: ಬ್ರಿಟನ್‌ನಲ್ಲಿ 10 ಮೈಕ್ರೋಗ್ರಾಂ; ಐರೋಪ್ಯ ಒಕ್ಕೂಟದಲ್ಲಿ 01-01-2023ರಿಂದ 5 ಮೈಕ್ರೋಗ್ರಾಂ.

ಮಿತಿಯನ್ನು ಹುರಿದ ಕಾಫಿಗೆ ವಿಧಿಸಲಾಗಿದ್ದರೂ, ಅದನ್ನು ಪಾಲಿಸಬೇಕಾದ ಹುರಿಯುವ ಕಂಪನಿಗಳು ಹಸಿರು ಬೀಜವನ್ನು ಕೊಳ್ಳುವಾಗಲೇ ಪರೀಕ್ಷಿಸುತ್ತವೆ. ಬೂಷ್ಟು ಬೆಳೆಯುವುದು ತೋಟದ ಕಣದಲ್ಲಿ ಹಾಗೂ ಗೋದಾಮಿನಲ್ಲಿ. ಅರೇಬಿಕಾ ಕೊಯ್ಲಿನ ತಿಂಗಳುಗಳಲ್ಲಿ ಅಕಾಲಿಕ ಮಳೆಯಾದಾಗ ಅಪಾಯ ಹೆಚ್ಚು. ಬೆಳೆಗಾರರು ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು:

(1) ಕಾಫಿಯನ್ನು ಬರಿಯ ಮಣ್ಣಿನ ಮೇಲೆ ಒಣಗಿಸದೆ ಸಿಮೆಂಟ್ ಕಣ ಅಥವಾ ಟಾರ್ಪಾಲಿನ್ ಮೇಲೆ ಒಣಗಿಸುವುದು.
(2) ತೆಳುವಾಗಿ ಹರಡಿ, ದಿನದಲ್ಲಿ ಹಲವು ಬಾರಿ ಕೆದಕಿ, ರಾತ್ರಿ ಮತ್ತು ಮಳೆಯ ವೇಳೆ ಮುಚ್ಚಿಡುವುದು.
(3) ನೆಲಕ್ಕೆ ಉದುರಿದ ಹಣ್ಣನ್ನು ಗಿಡದಿಂದ ಕೊಯ್ದ ಹಣ್ಣಿನೊಂದಿಗೆ ಬೆರೆಸದಿರುವುದು.
(4) ಕಾಫಿ ಮಂಡಳಿ ನಿಗದಿಪಡಿಸಿದ ತೇವಾಂಶಕ್ಕೆ ಬಂದ ನಂತರವೇ ಚೀಲಕ್ಕೆ ತುಂಬಿ, ಹಲಗೆಗಳ ಮೇಲೆ, ಗೋಡೆಯಿಂದ ದೂರವಿಟ್ಟು ದಾಸ್ತಾನು ಮಾಡುವುದು.
(5) ರಸಗೊಬ್ಬರ ಮತ್ತು ಕೀಟನಾಶಕಗಳನ್ನು ಅದೇ ಗೋದಾಮಿನಲ್ಲಿ ಇಡದಿರುವುದು.

ಕೀಟನಾಶಕಗಳ ಶೇಷಾಂಶದ ಮಿತಿಗಳನ್ನೂ ಬ್ರಿಟನ್ 2021ರಿಂದ ಪ್ರತ್ಯೇಕವಾಗಿ ನಿಗದಿಪಡಿಸುತ್ತಿದೆ. ಉತ್ತರ ಐರ್ಲೆಂಡಿನಲ್ಲಿ ಒಕ್ಕೂಟದ ಮಿತಿಗಳೇ ಅನ್ವಯಿಸುತ್ತವೆ. ಕಾಳುಮೆಣಸು ಹಾಗೂ ಇತರ ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಪ್ರಮಾಣವು ಒಕ್ಕೂಟದ ನಿಯಮದಂತೆ ಪ್ರತಿ ಕಿಲೋಗ್ರಾಂಗೆ 0.1 ಮಿಲಿಗ್ರಾಂ ಮೀರುವಂತಿಲ್ಲ. ಸಿಂಪಡಿಸಿದ ಔಷಧದ ಹೆಸರು, ದಿನಾಂಕ ಮತ್ತು ಪ್ರಮಾಣವನ್ನು ಪುಸ್ತಕದಲ್ಲಿ ಬರೆದಿಡುವುದು ಎರಡೂ ಮಾರುಕಟ್ಟೆಗಳಿಗೆ ಉಪಯುಕ್ತ. ಕಾಫಿ ಗಿಡಗಳ ನಡುವಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿರುವ ತೋಟಗಳಲ್ಲಿ, ಒಂದು ಬೆಳೆಗೆ ಸಿಂಪಡಿಸಿದ ಔಷಧ ಇನ್ನೊಂದರಲ್ಲಿ ಕಂಡುಬರುವ ಸಾಧ್ಯತೆಯನ್ನು ಗಮನದಲ್ಲಿಡತಕ್ಕದ್ದು.

8. ಅರಣ್ಯನಾಶ ತಡೆ ನಿಯಮ ಮತ್ತು ಜಮೀನಿನ ದಾಖಲೆಗಳು

ಬ್ರಿಟನ್ ಹೊರಬಂದ ನಂತರ ಐರೋಪ್ಯ ಒಕ್ಕೂಟವು ಜಾರಿಗೊಳಿಸಿದ ನಿಯಮಗಳಲ್ಲಿ ಕೊಡಗಿನ ಬೆಳೆಗಾರರಿಗೆ ಅತ್ಯಂತ ಮುಖ್ಯವಾದುದು 2023ರ ಅರಣ್ಯನಾಶ ತಡೆ ನಿಯಮ. ಇದರಂತೆ, ದಿನಾಂಕ 31-12-2020ರ ನಂತರ ಅರಣ್ಯ ನಾಶಗೊಳಿಸಿ ಸಾಗುವಳಿ ಮಾಡಿದ ಜಮೀನಿನ ಕಾಫಿಯನ್ನು ಒಕ್ಕೂಟದಲ್ಲಿ ಮಾರಾಟ ಮಾಡುವಂತಿಲ್ಲ. ಕಾಫಿ ಬೆಳೆದ ದೇಶದ ಕಾನೂನುಗಳನ್ನು ಪಾಲಿಸಿರುವುದೂ ಅಗತ್ಯ. ನಿಯಮವನ್ನು 30-12-2024ರಿಂದ ಅನ್ವಯಿಸಬೇಕಾಗಿತ್ತು. ಎರಡು ಬಾರಿ ಮುಂದೂಡಿದ ಬಳಿಕ, 2025ರ ಡಿಸೆಂಬರ್‌ನ ತಿದ್ದುಪಡಿಯಂತೆ ದೊಡ್ಡ ಮತ್ತು ಮಧ್ಯಮ ಸಂಸ್ಥೆಗಳಿಗೆ 30-12-2026 ಹಾಗೂ ಸಣ್ಣ ಮತ್ತು ಅತಿ ಸಣ್ಣ ಸಂಸ್ಥೆಗಳಿಗೆ 30-06-2027 ನಿಗದಿಯಾಗಿದೆ. ಈ ದಿನಾಂಕಗಳು ಖರೀದಿಸುವ ಐರೋಪ್ಯ ಸಂಸ್ಥೆಯ ಗಾತ್ರಕ್ಕೆ ಸಂಬಂಧಿಸಿದವು, ಬೆಳೆಗಾರರ ಹಿಡುವಳಿಯ ಗಾತ್ರಕ್ಕಲ್ಲ.

ಬ್ರಿಟನ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಬ್ರಿಟನ್‌ನ 2021ರ ಪರಿಸರ ಅಧಿನಿಯಮದಲ್ಲಿ ಇಂತಹುದೇ ಅವಕಾಶವಿದ್ದರೂ, 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿದ ಮೊದಲ ಪಟ್ಟಿಯಲ್ಲಿ ದನದ ಉತ್ಪನ್ನ, ಕೋಕೋ, ತಾಳೆ ಎಣ್ಣೆ ಮತ್ತು ಸೋಯಾ ಇದ್ದು, ಕಾಫಿ ಸೇರಿರಲಿಲ್ಲ. ಆದರೆ ಒಂದೇ ಕ್ಯೂರಿಂಗ್ ಘಟಕದಲ್ಲಿ ಹಲವು ತೋಟಗಳ ಕಾಫಿ ಬೆರೆಯುವುದರಿಂದ, ಸರಕು ಯಾವ ದೇಶಕ್ಕೆ ಹೋಗುವುದೆಂದು ಬೆಳೆಗಾರರಿಗೆ ಮುಂಚಿತವಾಗಿ ತಿಳಿದಿರುವುದಿಲ್ಲ. ಆದುದರಿಂದ ಎಲ್ಲಾ ಬೆಳೆಗಾರರೂ ದಾಖಲೆ ಹೊಂದಿರುವುದು ಲೇಸು.

(ಅ) ತೋಟದ ಭೌಗೋಳಿಕ ಗುರುತು: 4 ಹೆಕ್ಟೇರ್‌ವರೆಗಿನ (ಸುಮಾರು 10 ಎಕರೆ) ತೋಟಕ್ಕೆ ಅಕ್ಷಾಂಶ-ರೇಖಾಂಶದ ಒಂದು ಬಿಂದು ಸಾಕಾಗುತ್ತದೆ. ಅದಕ್ಕಿಂತ ಹೆಚ್ಚಿನ ತೋಟಕ್ಕೆ ಎಲ್ಲೆಯ ಪೂರ್ಣ ರೇಖೆ ಅಗತ್ಯ. ಕಾಫಿ ಮಂಡಳಿಯು ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ಕಾರ್ಯವನ್ನು ಕೈಗೊಂಡಿದೆ. ಒಕ್ಕೂಟವು 2025ರಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದ್ದರೂ ಭೌಗೋಳಿಕ ಗುರುತಿನಿಂದ ವಿನಾಯಿತಿ ನೀಡಿಲ್ಲ.

(ಆ) ನೆರಳಿನ ತೋಟಗಳು: ಕೊಡಗಿನಲ್ಲಿ ಕಾಫಿಯನ್ನು ಮರಗಳ ನೆರಳಿನಲ್ಲಿ ಬೆಳೆಯಲಾಗುತ್ತದೆ. ಮರಸಹಿತ ಕೃಷಿಭೂಮಿಯನ್ನು ಸದರಿ ನಿಯಮವು ಅರಣ್ಯವೆಂದು ಪರಿಗಣಿಸುವುದಿಲ್ಲ. ಆದರೆ ಉಪಗ್ರಹ ಚಿತ್ರದಲ್ಲಿ ದಟ್ಟ ನೆರಳಿನ ತೋಟವು ಕಾಡಿನಂತೆಯೇ ಕಾಣುತ್ತದೆ. 2020ರ ನಂತರ ಹಳೆಯ ಗಿಡಗಳನ್ನು ತೆಗೆದು ಮರುನಾಟಿ ಮಾಡಿದವರು ಅಥವಾ ನೆರಳಿನ ಮರಗಳನ್ನು ಕಡಿದವರು, ಅದು ಮೊದಲಿನಿಂದಲೂ ತೋಟವಾಗಿತ್ತೆಂದು ತೋರಿಸುವ ಹಿಂದಿನ ವರ್ಷಗಳ ಪಹಣಿ, ಮಾರಾಟದ ರಸೀದಿ ಹಾಗೂ ಮರ ಕಡಿಯಲು ಪಡೆದ ಅನುಮತಿ ಪತ್ರಗಳನ್ನು ಕಾಪಾಡಿಕೊಳ್ಳತಕ್ಕದ್ದು.

(ಇ) ಜಮ್ಮಾ ಹಾಗೂ ಅವಿಭಕ್ತ ಹಿಡುವಳಿಗಳು: ಜಿಲ್ಲೆಯ ಅನೇಕ ಹಿಡುವಳಿಗಳು ಒಕ್ಕದ ಪಟ್ಟೇದಾರರ ಹೆಸರಿನಲ್ಲಿದ್ದು, ವಾಸ್ತವವಾಗಿ ಸಾಗುವಳಿ ಮಾಡುವವರು ಬೇರೆ ಸದಸ್ಯರಾಗಿರುತ್ತಾರೆ. ಕೆಲವು ಪಹಣಿಗಳಲ್ಲಿ ತೀರಿಕೊಂಡ ಹಿರಿಯರ ಹೆಸರೇ ಮುಂದುವರಿದಿದೆ. ಇಂತಹ ಸಂದರ್ಭದಲ್ಲಿ ಕಾಫಿ ಮಾರುವವರ ಹೆಸರಿಗೂ ಜಮೀನಿನ ದಾಖಲೆಗೂ ಹೊಂದಾಣಿಕೆಯಾಗದೆ ಖರೀದಿದಾರರು ಹಿಂಜರಿಯಬಹುದು. ಪೌತಿ ಖಾತೆಗೆ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ವಿಭಾಗವಾಗದ ಹಿಡುವಳಿಗಳಲ್ಲಿ ಯಾವ ಸದಸ್ಯರು ಯಾವ ಭಾಗವನ್ನು ಸಾಗುವಳಿ ಮಾಡುತ್ತಿದ್ದಾರೆಂಬ ಬಗ್ಗೆ ಪಟ್ಟೇದಾರರು ಹಾಗೂ ಸದಸ್ಯರು ಸಹಿ ಮಾಡಿದ ಒಪ್ಪಿಗೆ ಪತ್ರ ಮತ್ತು ಕೈನಕ್ಷೆಯನ್ನು ಸಿದ್ಧಪಡಿಸಿಕೊಳ್ಳುವುದು ಉಪಯುಕ್ತ. ಇದು ಹಕ್ಕುಪತ್ರಕ್ಕೆ ಬದಲಿಯಲ್ಲ.

9. ಭೌಗೋಳಿಕ ಗುರುತು, ಲೇಬಲ್ ಮತ್ತು ಸಾವಯವ ಪ್ರಮಾಣಪತ್ರ

ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭಾರತದಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ. ಈ ನೋಂದಣಿಯ ಬಲ ಭಾರತಕ್ಕೆ ಸೀಮಿತವಾದುದು. ಒಕ್ಕೂಟದಲ್ಲಿ 31-12-2020ಕ್ಕೆ ಮೊದಲೇ ನೋಂದಣಿಯಾಗಿದ್ದ ಹೆಸರುಗಳಿಗೆ ಬ್ರಿಟನ್‌ನಲ್ಲಿಯೂ ರಕ್ಷಣೆ ಮುಂದುವರಿಯಿತು. 2011ರಲ್ಲಿ ಒಕ್ಕೂಟದಲ್ಲಿ ನೋಂದಣಿಯಾದ ಡಾರ್ಜಿಲಿಂಗ್ ಚಹಾ ಇದಕ್ಕೆ ಉದಾಹರಣೆ. 2023ರಲ್ಲಿ ನೋಂದಣಿಯಾದ ಕಾಂಗ್ರಾ ಚಹಾದಂತಹ ಹೆಸರುಗಳಿಗೆ ಬ್ರಿಟನ್‌ನಲ್ಲಿ ರಕ್ಷಣೆ ತಾನಾಗಿ ದೊರೆಯುವುದಿಲ್ಲ. ಮುಂದೆ ಕೊಡಗಿನ ಉತ್ಪನ್ನಗಳಿಗೆ ವಿದೇಶದಲ್ಲಿ ರಕ್ಷಣೆ ಕೋರುವ ಸಂಘಗಳು ಎರಡೂ ಕಡೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗುತ್ತದೆ.

ಚಿಲ್ಲರೆ ಮಾರಾಟದ ಪೊಟ್ಟಣಗಳ ಮೇಲೆ ಬ್ರಿಟನ್‌ಗೆ ಬ್ರಿಟನ್‌ನ ವಿಳಾಸವುಳ್ಳ ಹೊಣೆಗಾರ ಸಂಸ್ಥೆ ಅಥವಾ ಆಮದುದಾರರ ಹೆಸರನ್ನು 01-01-2024ರಿಂದ ಕಡ್ಡಾಯಗೊಳಿಸಲಾಗಿದೆ. ಒಕ್ಕೂಟಕ್ಕೆ ಹೋಗುವ ಪೊಟ್ಟಣಕ್ಕೆ ಒಕ್ಕೂಟದೊಳಗಿನ ವಿಳಾಸ ಬೇಕು. ಎರಡೂ ವಿಳಾಸಗಳನ್ನು ಒಂದೇ ಲೇಬಲ್‌ನಲ್ಲಿ ಮುದ್ರಿಸುವುದರಿಂದ ವೆಚ್ಚ ಉಳಿಯುತ್ತದೆ. ಸಾವಯವ ಸರಕಿನ ಪ್ರತಿ ರವಾನೆಗೂ ತಪಾಸಣಾ ಪ್ರಮಾಣಪತ್ರ ಅಗತ್ಯವಿದ್ದು, ಒಕ್ಕೂಟಕ್ಕೆ ಅದರ ವಿದ್ಯುನ್ಮಾನ ವ್ಯವಸ್ಥೆಯಲ್ಲಿ ಹಾಗೂ ಬ್ರಿಟನ್‌ಗೆ ಬ್ರಿಟನ್‌ನದೇ ನಮೂನೆಯಲ್ಲಿ, ಸರಕು ಹೊರಡುವ ಮುನ್ನ ಪಡೆಯತಕ್ಕದ್ದು.

10. ಅಂಚೆ ಮೂಲಕ ಸಣ್ಣ ಪ್ರಮಾಣದ ರಫ್ತು

ಕಾಫಿಪುಡಿ ಮತ್ತು ಮಸಾಲೆ ಪೊಟ್ಟಣಗಳನ್ನು ವಿದೇಶದ ಗ್ರಾಹಕರಿಗೆ ಕಳುಹಿಸುವವರು ಭಾರತೀಯ ಅಂಚೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳ ಸೌಲಭ್ಯ ಪಡೆಯಬಹುದಾಗಿದೆ. ಹಿಂದೆ ಕಡಿಮೆ ಮೌಲ್ಯದ ಪಾರ್ಸೆಲ್‌ಗಳಿಗೆ ಇದ್ದ ಆಮದು ಮೌಲ್ಯವರ್ಧಿತ ತೆರಿಗೆಯ ವಿನಾಯಿತಿಯನ್ನು ಬ್ರಿಟನ್ 01-01-2021ರಿಂದಲೂ ಐರೋಪ್ಯ ಒಕ್ಕೂಟ 01-07-2021ರಿಂದಲೂ ರದ್ದುಪಡಿಸಿವೆ. ಪೊಟ್ಟಣದ ಮೇಲಿನ ಘೋಷಣೆಯಲ್ಲಿ ಸರಕಿನ ವಿವರ ಮತ್ತು ನಿಜವಾದ ಮೌಲ್ಯವನ್ನು ನಮೂದಿಸತಕ್ಕದ್ದು. ಮಾರಾಟದ ಸರಕನ್ನು ‘ಉಡುಗೊರೆ’ ಎಂದು ಬರೆಯುವುದು ತಪ್ಪು ಘೋಷಣೆಯಾಗುತ್ತದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಾಫಿಯನ್ನು ಸ್ಥಳೀಯ ವ್ಯಾಪಾರಿಗೆ ಮಾರುವ ಬೆಳೆಗಾರರೂ ಈ ದಾಖಲೆಗಳನ್ನು ಹೊಂದಿರಬೇಕೆ?
ಉತ್ತರ: ರಫ್ತು ನೋಂದಣಿಗಳು ಬೇಕಾಗಿಲ್ಲ. ಆದರೆ ತೋಟದ ಗುರುತು, ಪಹಣಿ ಮತ್ತು ಸಿಂಪಡಣೆಯ ದಾಖಲೆಗಳಿದ್ದಲ್ಲಿ ಆ ಕಾಫಿಯನ್ನು ಎರಡೂ ಮಾರುಕಟ್ಟೆಗಳಿಗೆ ಕೊಳ್ಳಲು ವ್ಯಾಪಾರಿಗೆ ಸಾಧ್ಯವಾಗುತ್ತದೆ.

ಪ್ರಶ್ನೆ: ಹ್ಯಾಂಬರ್ಗ್‌ಗೆ ಹೊರಟ ಕಂಟೇನರನ್ನು ನಡುವೆ ಲಂಡನ್‌ಗೆ ತಿರುಗಿಸಬಹುದೆ?
ಉತ್ತರ: ತಿರುಗಿಸಬಹುದು. ಆದರೆ ಆಮದುದಾರರ ಸಂಖ್ಯೆ, ಲೇಬಲ್ ಮತ್ತು ಸಾವಯವ ಪ್ರಮಾಣಪತ್ರಗಳು ಬ್ರಿಟನ್‌ಗೆ ಹೊಂದುವಂತೆ ಇರಬೇಕು. ಹಡಗು ಹೊರಟ ಬಳಿಕ ಇವುಗಳಲ್ಲಿ ಕೆಲವನ್ನು ಸರಿಪಡಿಸಲು ಆಗುವುದಿಲ್ಲ.

ಪ್ರಶ್ನೆ: ಬ್ರಿಟನ್‌ನಲ್ಲಿ ಒಪ್ಪಿಗೆಯಾದ ಕಾಫಿಯನ್ನು ಜರ್ಮನಿಯಲ್ಲಿಯೂ ಮಾರಬಹುದೆ?
ಉತ್ತರ: ಅದು ತಾನಾಗಿ ಸಾಧ್ಯವಿಲ್ಲ. ಓಕ್ರಾಟಾಕ್ಸಿನ್-ಎ ಮಿತಿ ಒಕ್ಕೂಟದಲ್ಲಿ ಹೆಚ್ಚು ಕಟ್ಟುನಿಟ್ಟಾಗಿದೆ. ಎರಡೂ ಕಡೆಗೆ ಮಾರುವ ಉದ್ದೇಶವುಳ್ಳವರು ಕಟ್ಟುನಿಟ್ಟಾದ ಮಿತಿಯನ್ನೇ ಅನುಸರಿಸುವುದು ಸೂಕ್ತ.

ಪ್ರಶ್ನೆ: ಅರಣ್ಯನಾಶ ನಿಯಮದ ‘ಸರ್ಟಿಫಿಕೇಟ್’ ಮಾಡಿಸಿಕೊಡುವುದಾಗಿ ಹಣ ಕೇಳುವವರಿಗೆ ಹಣ ನೀಡಬೇಕೆ?
ಉತ್ತರ: ಬೆಳೆಗಾರರಿಗೆ ಅಂತಹ ಸರ್ಕಾರಿ ಪ್ರಮಾಣಪತ್ರವನ್ನು ನೀಡುವ ವ್ಯವಸ್ಥೆ ಸದರಿ ನಿಯಮದಲ್ಲಿಲ್ಲ. ಘೋಷಣೆ ಸಲ್ಲಿಸುವುದು ಐರೋಪ್ಯ ಆಮದು ಸಂಸ್ಥೆಯ ಹೊಣೆ. ತೋಟದ ಗುರುತು ದಾಖಲಿಸಲು ಬೆಳೆಗಾರರು ನೇರವಾಗಿ ಕಾಫಿ ಮಂಡಳಿಯನ್ನು ಸಂಪರ್ಕಿಸಬಹುದು.

12. ಸಂಪರ್ಕಿಸಬೇಕಾದ ಕಚೇರಿಗಳು

ಕಾಫಿ ರಫ್ತು ನೋಂದಣಿ ಮತ್ತು ತೋಟದ ಗುರುತಿಗೆ ಕಾಫಿ ಮಂಡಳಿಯ ಜಿಲ್ಲೆಯಲ್ಲಿನ ಕಚೇರಿಗಳು. ಒಣಗಿಸುವಿಕೆ ಹಾಗೂ ಸಸ್ಯಸಂರಕ್ಷಣೆಯ ಸಲಹೆಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ. ಕಾಳುಮೆಣಸು ಮತ್ತು ಏಲಕ್ಕಿಗೆ ಸಾಂಬಾರ ಮಂಡಳಿ. ಪಹಣಿ ಮತ್ತು ಪೌತಿ ಖಾತೆಗೆ ಆಯಾ ನಾಡಕಚೇರಿ ಹಾಗೂ ತಾಲ್ಲೂಕು ಕಚೇರಿ. ರಫ್ತು ಮಾರ್ಗದರ್ಶನ ಮತ್ತು ತರಬೇತಿಗೆ ಜಿಲ್ಲಾ ಕೈಗಾರಿಕಾ ಕೇಂದ್ರ ಹಾಗೂ ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಅಭಿವೃದ್ಧಿ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.

ಸಾರ್ವಜನಿಕರ ಗಮನಕ್ಕೆ: ವಿದೇಶಿ ಸುಂಕದರಗಳು ಮತ್ತು ಮಿತಿಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತವೆ. ಪ್ರತಿ ಹಂಗಾಮಿನ ಒಪ್ಪಂದಕ್ಕೆ ಸಹಿ ಮಾಡುವ ಮುನ್ನ, ಸರಕು ಹೋಗುವ ದೇಶದ ಆ ದಿನದ ನಿಯಮವನ್ನು ಖರೀದಿದಾರರಿಂದ ಲಿಖಿತವಾಗಿ ಪಡೆದು ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು.